ಕೆಂಪು ಕಾರಿನ ಚಾತುರ್ಮಾಸ್ಯ

ಮೇ ತಿಂಗಳ ಕೊನೆಗೆ ನನ್ನ ಕಪಾಟಿನಿಂದ ನುಸಿಗುಳಿಗೆಗಳು ಒಂದೊಂದಾಗಿ ಮಾಯವಾಗತೊಡಗಿದರೆ, ಮುಂಬಯಿಗೆ ಮಳೆ ಹತ್ತಿರವಾಯಿತೆಂದು ಹವಾಮಾನದವರಿಗಿಂತ ಮೊದಲೇ ನನಗೆ ತಿಳಿದುಬಿಡುತ್ತದೆ. ರೇಷ್ಮೆ ಸೀರೆಗಳ ಮಡಿಕೆಯಿಂದ ಅವನ್ನು ಕದ್ದೊಯ್ಯುವವರು ನಮ್ಮ ಯಜಮಾನರು. ಒಯ್ಯುವುದು ಗೋರೆಗಾಂವಿನ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತಿರುವ ಅವರ ಕೆಂಪು ಸ್ಪೋರ್ಟ್ಸ್ ಕಾರಿಗೆ. ಎಂಜಿನ್ನಿನ ಸಂದುಗಳಲ್ಲಿ ಇಲಿಗಳು ಸಂಸಾರ ಹೂಡದಿರಲೆಂದು ಈ ಏರ್ಪಾಡು. ಹೀಗಾಗಿ ನನ್ನ ಧರ್ಮಾವರಂ ಸೀರೆಗೂ ಆ ಕಾರಿಗೂ ವರ್ಷದಲ್ಲಿ ಕೆಲವು ತಿಂಗಳು ಒಂದೇ ಪರಿಮಳ.

ಗ್ರಾಂಟ್ ರೋಡಿನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಅದರ ಗಲ್ಲಾದ ಹಿಂದೆ ಕೂತು, ಬೆಳಿಗ್ಗೆ ಸಂಜೆ ಲೋಕಲ್ ಟ್ರೈನಿನಲ್ಲಿ ನೇತಾಡಿಕೊಂಡು ಬದುಕು ಸವೆಸಿದವರು ಇವರು. ಅರವತ್ತು ತುಂಬಿದಾಗ ಬೇರೆಯವರೆಲ್ಲ ಶಾಂತಿ ಮಾಡಿಸಿಕೊಂಡರೆ, ಇವರು ಶಬ್ದ ಮಾಡುವ ಕಾರೊಂದನ್ನು ತಂದರು: ಇಬ್ಬರೇ ಕೂರಬಹುದಾದ, ಬಟ್ಟೆಯ ಚಾವಣಿಯ, ನೆಲಕ್ಕೆ ಎದೆಯಾನಿಸಿ ಮಲಗಿದಂಥ ಹಳೆಯ ಕಾರು. ಬೇಸಿಗೆ ಚಳಿಗಾಲಗಳ ಭಾನುವಾರದ ಬೆಳಿಗ್ಗೆ ಅದರಲ್ಲಿ ನಮ್ಮ ಸವಾರಿ. ಮಳೆಗಾಲದಲ್ಲಿ ಈ ಊರಿನ ರಸ್ತೆಗಳು ಹೊಳೆಯಾಗುವುದರಿಂದ ಕಾರಿಗೆ ಚಾತುರ್ಮಾಸ್ಯ. ಸ್ವಾಮಿಗಳಂತೆ ಅದೂ ಒಂದೇ ಕಡೆ ಕೂರಬೇಕು.

ಕೂರಿಸುವುದು ಸುಲಭವೆಂದು ತಿಳಿಯಬೇಡಿ. ಟ್ಯಾಂಕಿನೊಳಗೆ ಪಸೆ ಹಿಡಿಯದಂತೆ ಪೆಟ್ರೋಲು ತುಂಬಿಸಬೇಕು, ಟಯರುಗಳಿಗೆ ತುಸು ಹೆಚ್ಚು ಗಾಳಿ ಹಾಕಿಸಬೇಕು, ತೊಳೆದು, ಒರೆಸಿ, ಮೇಣ ತಿಕ್ಕಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಬ್ಯಾಟರಿ ಕಳಚಿ, ಕೊನೆಗೆ ಹೊದಿಕೆ ಹೊದಿಸಬೇಕು. ಇದನ್ನೆಲ್ಲ ನೋಡುವಾಗ ನನಗೆ ತವರಿನ ಕಡಲತೀರ ನೆನಪಾಗುತ್ತದೆ. ಅಲ್ಲಿ ಮಳೆಗೆ ಮೊದಲು ದೋಣಿಗಳನ್ನು ದಡಕ್ಕೆಳೆದು, ಎಣ್ಣೆ ಬಳಿದು, ತೆಂಗಿನ ಮಡಲು ಹೊದಿಸುತ್ತಿದ್ದರು. ಓಡುವುದಕ್ಕೆಂದೇ ಹುಟ್ಟಿದ್ದನ್ನು ನಿಲ್ಲಿಸುವಾಗ ಮನುಷ್ಯನ ಕೈ ಎಷ್ಟು ಮೃದುವಾಗುತ್ತದೆ! ನಮ್ಮ ಮೈಗೂ ಹೀಗೆ ಯಾರಾದರೂ ಮೇಣ ತಿಕ್ಕಿ ವಿರಾಮ ಕೊಟ್ಟಿದ್ದರೆ ಮೊಣಕಾಲುಗಳು ಇನ್ನಷ್ಟು ಬಾಳಿಕೆ ಬರುತ್ತಿದ್ದವೇನೋ.

ಕಳೆದ ವರ್ಷ ತೊಂದರೆ ಕೊಟ್ಟದ್ದು ಅವರ ಮೊಣಕಾಲೇ. ಅಷ್ಟು ತಗ್ಗಿನ ಕಾರಿನೊಳಗೆ ಕೂರುವುದು ಹೇಗೋ ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ಆ ಸಲ ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಎಲ್ಲ ಮುಗಿದು ಹೊದಿಕೆ ಎಳೆದ ಮೇಲೆ ಹ್ಯಾಂಡ್‌ಬ್ರೇಕ್ ಸಡಿಲಿಸಲು ಮರೆತದ್ದು ನೆನಪಾಯಿತು. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬ್ರೇಕು ಹಿಡಿದುಕೊಳ್ಳುತ್ತದಂತೆ. ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹೊದಿಕೆಯ ಅಂಚೆತ್ತಿ ಒಳಗೆ ನುಸುಳಿದವರು ಹೊರಗೆ ಬರಲೇ ಇಲ್ಲ. ಆಚೆ ಮೊದಲ ಮಳೆ ಧೋ ಎಂದು ಸುರಿಯತೊಡಗಿತ್ತು.

“ಎಂತ ಆಯ್ತು?” ಎಂದೆ.

“ಕಾಲು ಏಳ್ತಾ ಇಲ್ಲ ಮಾರಾಯ್ತಿ. ಸ್ವಲ್ಪ ಹೊತ್ತು ಕೂತ್ಕೊಳ್ತೇನೆ.”

ಗಾಬರಿಯಿಂದ ನಾನು ಇನ್ನೊಂದು ಬದಿಗೆ ಹೋದೆ. ಅತ್ತ ಬಿಲ್ಡಿಂಗಿನ ಕಂಬ ಅಡ್ಡವಿದ್ದು ಬಾಗಿಲು ಅರ್ಧವೇ ತೆರೆಯುತ್ತಿತ್ತು. ಹೇಗೋ ಮೈ ಹಿಂಡಿಕೊಂಡು ಅವರ ಪಕ್ಕ ಕೂತೆ. ಹೊದಿಕೆಯೊಳಗಿನ ಮಬ್ಬಿನಲ್ಲಿ ಅವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಮುಂದೆ ನೋಡುತ್ತಿದ್ದರು, ಅಲ್ಲಿ ರಸ್ತೆಯಿದ್ದಂತೆ.

“ಇದು ಕಡೇ ವರ್ಷ,” ಎಂದರು. “ಪಾರ್ಲೆ ಸ್ಟೇಷನ್ ಹತ್ತಿರದ ಒಬ್ಬರು ಕಾರು ಕೇಳ್ತಾ ಇದ್ದಾರೆ. ಮಳೆ ಮುಗಿದ ಮೇಲೆ ಕೊಟ್ಟುಬಿಡುವ. ಇಳಿಲಿಕ್ಕೇ ಆಗದವನಿಗೆ ಕಾರು ಎಂತಕ್ಕೆ?”

ಆ ಕಾರನ್ನು ನನ್ನ ಸವತಿಯೆಂದು ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಿದ್ದವಳು ನಾನು. ಅವತ್ತು ಆ ಸವತಿಯನ್ನು ಕಳಿಸಿಕೊಡಲು ನನಗೇ ಮನಸ್ಸಾಗಲಿಲ್ಲ. ಮೂರು ಹೊತ್ತೂ ಹೋಟೆಲಿನ ಮಾತಾಡುವ ಈ ಮನುಷ್ಯ ಭಾನುವಾರ ಆ ಸೀಟಿನಲ್ಲಿ ಕೂತಾಗ ಮಾತ್ರ ನನ್ನೊಡನೆ ಬೇರೆ ಮಾತಾಡುತ್ತಿದ್ದರು.

“ಇಳಿಸ್ಲಿಕ್ಕೆ ನಾನಿದ್ದೇನಲ್ಲ,” ಎಂದೆ. “ಓಡಿಸ್ಲಿಕ್ಕೂ ಕಲೀತೇನೆ.”

“ನೀನಾ?”

“ಯಾಕೆ, ಕ್ಲಚ್ಚು ಗಂಡಸರ ಕಾಲಿಗೆ ಮಾತ್ರ ಬಗ್ಗುದಾ?”

ಅವರು ನಕ್ಕರು. ಆ ಧೈರ್ಯದಲ್ಲಿ ನಾನು ಅವರನ್ನು ಇಳಿಸಲು ಹೊರಟೆ; ನೋಡಿದರೆ ನನಗೇ ಏಳಲಾಗದು! ಸೆರಗು ಬಾಗಿಲಿಗೆ ಸಿಕ್ಕಿತ್ತು, ಸೊಂಟ ಸೀಟಿಗೆ. ಮೊಬೈಲುಗಳು ಮನೆಯ ಮೇಜಿನ ಮೇಲಿದ್ದವು. ಅವರು ಹಾರ್ನ್ ಒತ್ತಿದರು, ಒತ್ತಿಯೇ ಒತ್ತಿದರು. ಬ್ಯಾಟರಿಯನ್ನು ತಾವೇ ಕಳಚಿಟ್ಟದ್ದು ಇಬ್ಬರಿಗೂ ಒಟ್ಟಿಗೇ ನೆನಪಾದಾಗ ಹುಟ್ಟಿದ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

“ಯಾವಾಂವ ಅದಾನ ಒಳಗ? ಹೊರಗ ಬಾ!” ಎಂದು ಗದರಿಸುತ್ತ ಹೊದಿಕೆಯೆತ್ತಿದವನು ನಮ್ಮ ವಿಜಯಪುರದ ವಾಚ್‌ಮನ್ ಭೀಮಪ್ಪ. ಕೈಯಲ್ಲಿ ಕೋಲು. ನಮ್ಮನ್ನು ಕಂಡು ಅವನ ಬಾಯಿ ತೆರೆದೇ ಉಳಿಯಿತು. “ಅಯ್ಯ, ಸಾಹುಕಾರ್ರ! ಅಮ್ಮಾರೂ ಅದಾರ! ಗಾಡಿ ನಗಾಕತ್ತೈತಲ್ಲ ಅಂತ ನಾ ಅಂಜಿಬಿಟ್ಟಿದ್ನಿರಿ.” ಕೋಲು ಬದಿಗಿಟ್ಟು, ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಬ್ಬಿಸಿದ.

ಮರುದಿನವೇ ಅವರು ಪಾರ್ಲೆಯವರಿಗೆ ಫೋನು ಮಾಡಿ, “ಕೊಡ್ಲಿಕ್ಕಿಲ್ಲ, ಮನೆಯವಳು ಓಡಿಸ್ತಾಳೆ,” ಎಂದದ್ದು ಅಡುಗೆಮನೆಗೆ ಕೇಳಿಸಿತು. ಇನ್ನು ಹಿಂದೆಗೆಯುವ ದಾರಿಯಿರಲಿಲ್ಲ. ಮಳೆಗಾಲವಿಡೀ ನಾನು ಡ್ರೈವಿಂಗ್ ಕ್ಲಾಸಿನ ಪುಟ್ಟ ಕಾರಿನಲ್ಲಿ, “ಧೀರೇ ಆಂಟೀ, ಧೀರೇ” ಎಂದು ನಿಧಾನಕ್ಕಾಗಿ ಅಂಗಲಾಚುವ ಗುರುವಿನ ಆರ್ತನಾದದ ನಡುವೆ ಗೋರೆಗಾಂವಿನ ಗಲ್ಲಿಗಳಲ್ಲಿ ಕ್ಲಚ್ಚು ಪಳಗಿಸಿದೆ. ಅವರು ಬಾಲ್ಕನಿಯಲ್ಲಿ ಡಾಕ್ಟರು ಹೇಳಿಕೊಟ್ಟಂತೆ ಕಾಲು ಎತ್ತಿ ಇಳಿಸಿದರು. ಮದುವೆಯಾದಂದಿನಿಂದ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಕೂತದ್ದು ಅದೇ ಮೊದಲು.

ನವರಾತ್ರಿ ಕಳೆದ ಭಾನುವಾರ ಹೊದಿಕೆ ತೆಗೆದೆವು. ಬಲಕ್ಕೆ ನಾನು, ಎಡಕ್ಕೆ ಅವರು. ಸಿಗ್ನಲ್ಲಿನಲ್ಲಿ ಎರಡು ಸಲ ಎಂಜಿನ್ನು ಆರಿತು, ಹಿಂದಿನವರು ಹಾರ್ನಿನಲ್ಲೇ ಬೈದರು. ಇವರು ತಿರುಗಿ ಕೂತು ಹಿಂದಿನವರಿಗೆ ಕೈ ಮುಗಿದರು. ಬೆವರಿಳಿಸಿಕೊಂಡು ಗ್ರಾಂಟ್ ರೋಡಿನ ನಮ್ಮ ಹೋಟೆಲಿನ ಮುಂದೆ ನಿಲ್ಲಿಸಿದಾಗ ಕೆಲಸದವರೆಲ್ಲ ಬಾಗಿಲಿಗೆ ಬಂದರು. ಮ್ಯಾನೇಜರು ಧಾವಿಸಿ ಎಡಗಡೆಯ ಬಾಗಿಲು ತೆರೆದು ಕೈ ಚಾಚಿದರು. ಇವರು ಕದಲಲಿಲ್ಲ.

“ಎಂತ, ಕಾಲು ನೋವಾ?” ಎಂದೆ.

“ಕಾಲಿಗೆ ಎಂತದೂ ಆಗ್ಲಿಲ್ಲ,” ಎಂದು ಬಾಗಿಲನ್ನು ಮತ್ತೆ ಎಳೆದುಕೊಂಡರು. “ಗೇರ್ ಹಾಕು ಮಾರಾಯ್ತಿ, ಇನ್ನೊಂದು ಸುತ್ತು ಹೋಗುವ.”