ಮನೆಯಿಲ್ಲದ ಹೊಸ್ತಿಲು

ಎದುರುಮನೆ ಚಿಗವ್ವನ ಬಲಗೈ ಉಗುರುಗಳು ಸದಾ ಅರಿಶಿನ ಬಣ್ಣ. ಎಷ್ಟು ಪಾತ್ರೆ ತಿಕ್ಕಿದರೂ ಹೋಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಶಿನ ಸವರಿ, ರಂಗೋಲಿ ಎಳೆಯುತ್ತಿದ್ದಳು. ಓಣಿಯ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು ಅನ್ನಿ. ಆದರೆ ಚಿಗವ್ವನ ಹೊಸ್ತಿಲ ಹಿಂದೆ ಮನೆ ಇರಲಿಲ್ಲ. ಬಯಲಲ್ಲಿ ಒಂದು ಬಾಗಿಲ ಚೌಕಟ್ಟು, ಅದರಾಚೆ ಅವಳೂ ಗಂಡನೂ ಮಲಗುವ ತಗಡಿನ ಶೆಡ್ಡು, ಅಷ್ಟೆ.

ಅವಳು ನನಗೆ ನೆಂಟಳಲ್ಲ. ಅವ್ವ ಗದ್ದೆಯಿಂದ ಬರುವುದು ತಡವಾದರೆ ಕರೆದು ರೊಟ್ಟಿ ಹಾಕುತ್ತಿದ್ದಳು. ಬೈಗುಳವೂ ಜೊತೆಗಿರುತ್ತಿತ್ತು.

ನಮ್ಮೂರು ಹಂಪಿಗೆ ಹತ್ತಿರ. ಸ್ಮಾರಕಗಳ ಆಸುಪಾಸು ಹೊಸ ಮನೆ ಕಟ್ಟುವಂತಿಲ್ಲ, ಹಳೆಯದನ್ನು ದುರಸ್ತಿ ಮಾಡಬಹುದು ಎನ್ನುತ್ತಿದ್ದರು. ದುರಸ್ತಿ ಎಂದರೇನು ಎಂಬುದು ಮಾತ್ರ ಪ್ರಾಧಿಕಾರದ ಕಚೇರಿಯಿಂದ ಬಂದ ಬಂದ ಸಾಹೇಬರ ನಾಲಿಗೆಯ ಮೇಲಿತ್ತು. ಒಂದು ಮಳೆಗಾಲ ಚಿಗವ್ವನ ಮಾಳಿಗೆ ಮನೆಯ ಮಣ್ಣಿನ ಚಾವಣಿ ಕುಸಿಯಿತು. ಆಗಿನ ಸಾಹೇಬರು, "ಗೋಡೆ ಕೆಡವಿ ಕಟ್ಟಿಕೊಳ್ಳಿ, ದುರಸ್ತಿ ಅಂತಲೇ ಆಗುತ್ತೆ" ಎಂದರು. ಕೆಡವಿದಳು. ಹೇಗೂ ಕಟ್ಟುತ್ತೀರಿ, ತೆಂಕಣ ಬಾಗಿಲು ಬಿಟ್ಟು ಮೂಡಲಕ್ಕೆ ಇಡಿ ಎಂದರು ಶಾಸ್ತ್ರ ಹೇಳುವವರು. ನಮ್ಮ ಕಡೆ ಗೋಡೆಗಿಂತ ಮೊದಲು ಬಾಗಿಲು ನಿಲ್ಲುತ್ತದೆ. ಮುತ್ತೈದೆಯರನ್ನು ಕರೆದು, ನವಧಾನ್ಯ ಹಾಕಿ, ಮೂಡಲಮುಖವಾಗಿ ಚೌಕಟ್ಟು ನಿಲ್ಲಿಸಿದಳು. ಅಷ್ಟರಲ್ಲಿ ಆ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬಂದವರೇ, "ಬಾಗಿಲ ದಿಕ್ಕು ಬದಲಾಗಿದೆ. ಇದು ಹೊಸ ಕಟ್ಟಡ, ನಿಲ್ಲಿಸಿ" ಎಂದರು.

"ಹಳೇ ದಿಕ್ಕಿಗೇ ಇಡ್ತೀನಿ ಬಿಡ್ರಿ," ಅಂದಳು ಚಿಗವ್ವ.

"ಈಗ ಗೋಡೆಯೇ ಇಲ್ಲವಲ್ಲಮ್ಮ, ಏನನ್ನು ದುರಸ್ತಿ ಮಾಡ್ತೀರಿ?"

ಅದೇ ವರ್ಷ, ಸಂಡೂರಿನ ಅದಿರು ಸಾಗಿಸಿ ದುಡ್ಡು ಮಾಡಿದ ಲಾರಿ ಮಾಲೀಕನೊಬ್ಬನ ದನದ ಕೊಟ್ಟಿಗೆ ಊರ ಅಂಚಿನಲ್ಲಿ ಎರಡಂತಸ್ತಿನ ಲಾಡ್ಜ್ ಆಗಿ ಎದ್ದಿತು. ಅದೂ ದುರಸ್ತಿಯಂತೆ! ಎಮ್ಮೆ ಕಟ್ಟುತ್ತಿದ್ದಲ್ಲಿ ಎ.ಸಿ. ಕೂತಿತು. ಇದನ್ನು ಬರೆಯುವಾಗ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅವನ ಲಾರಿಗಳ ಕೆಂಪು ಧೂಳು ಬಂದು ಹೊಸ್ತಿಲ ಮೇಲೆ ಕೂರುತ್ತಿತ್ತು; ಚಿಗವ್ವ ಸಂಜೆ ಮತ್ತೆ ತೊಳೆಯುತ್ತಿದ್ದಳು.

ಮುಂದೊಮ್ಮೆ ಮತ್ತೊಬ್ಬ ಸಾಹೇಬರು ನೋಡಲು ಬಂದು ಚೌಕಟ್ಟಿನ ಪಕ್ಕದಿಂದ ಒಳಗೆ ಕಾಲಿಟ್ಟರು. ಚಿಗವ್ವ ತಡೆದಳು.

"ಬಾಗಲದಾಗಿಂದ ಬರ್ರಿ ಸಾಹೇಬ್ರ. ಕಳ್ಳರಂಗ ಸಂದಿಯಿಂದ ಬರಬ್ಯಾಡ್ರಿ."

ಸಾಹೇಬರು ನಕ್ಕು, ಹೊರಗೆ ಹೋಗಿ, ತಲೆ ಬಗ್ಗಿಸಿ ಬಾಗಿಲಲ್ಲೇ ಬಂದರು.

"ತಲಿ ಬಗ್ಗಿಸಿದ್ರಿಲ್ರಿ? ಇದು ಮನಿ ಅಂತ ಒಪ್ಪಿದಂಗಾತು. ಕೊಟ್ಟಿಗ್ಯಾಗ ಲಾಡ್ಜ್ ಕಂಡೋರಿಗೆ ನನ್ ಮನಿ ಕಾಣವಲ್ದೇನ್ರಿ? ಒಂದ್ ಕಣ್ಣಿಗೆ ಬೆಣ್ಣಿ, ಒಂದ್ ಕಣ್ಣಿಗೆ ಸುಣ್ಣ ಹಚ್ಚಬ್ಯಾಡ್ರಿ!"

"ಪರಿಶೀಲಿಸೋಣ" ಎಂದು ಅವರು ಹೊರಟರು. ಹೋಗುವಾಗ ಪಕ್ಕದಿಂದಲೇ ಹೋದರು.

ಆ ಪರಿಶೀಲನೆ ಮುಗಿಯಲೇ ಇಲ್ಲ. ಚಿಗವ್ವ ತಗಡಿನ ಶೆಡ್ಡಿನಲ್ಲೇ ತೀರಿಕೊಂಡಳು. ಚಟ್ಟಕ್ಕೆ ಹೆಗಲು ಕೊಟ್ಟವರು, ದಾರಿ ಹತ್ತಿರವೆಂದು ಚೌಕಟ್ಟಿನ ಪಕ್ಕಕ್ಕೆ ತಿರುಗಿದರು. ನಾನೂ ಹೆಗಲು ಕೊಟ್ಟಿದ್ದೆ.

"ತಡೀರಿ," ಅಂದೆ. "ಬಾಗಲದಾಗಿಂದ ಒಯ್ಯೂಣು."

ಯಾರೂ ನಗಲಿಲ್ಲ. ತಲೆ ಬಗ್ಗಿಸಿ, ಹೊಸ್ತಿಲು ತುಳಿಯದೆ ದಾಟಿದೆವು. ರೊಟ್ಟಿ ಹಾಕಿದವಳಿಗೆ ನಾನು ತೀರಿಸಿದ ಋಣ ಅಷ್ಟೇ. ಅವಳ ಮನೆಯನ್ನು ಮನೆ ಎಂದು ಕೊನೆಗೂ ಒಪ್ಪಿದವರು, ಅವಳ ಹೆಣ ಹೊತ್ತ ನಾವು ನಾಲ್ವರು.