ಹ್ಯಾನೋವರಿನ ಸುಂದರಿ

ಭುವನಸುಂದರಿ ಸ್ಪರ್ಧೆ ಹುಟ್ಟಿದ್ದು ಈಜುಡುಗೆ ಮಾರಲಿಕ್ಕಂತೆ. ನಮ್ಮದು ಅಂತರರಾಷ್ಟ್ರೀಯವಾದದ್ದು ಸಭಾಂಗಣಕ್ಕಾಗಿ.

ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಹ್ಯಾನೋವರ್‌ಗೆ ಬಂದಿದ್ದ ನಾಲ್ಕಾರು ಕನ್ನಡ ಕುಟುಂಬಗಳು ರಾಜ್ಯೋತ್ಸವಕ್ಕೆ ಸೀರೆ ಸ್ಪರ್ಧೆ ಇಟ್ಟುಕೊಂಡಿದ್ದೆವು. ಸಭಾಂಗಣ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಒಪ್ಪಲಿಲ್ಲ.

"ಅಂತರರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾತ್ರ ಕೊಡುತ್ತೇವೆ. ನಿಮ್ಮಲ್ಲಿ ಯಾವ ಯಾವ ದೇಶದವರಿದ್ದಾರೆ?"

"ಧಾರವಾಡ, ಗದಗ, ವಿಜಾಪುರ," ಎಂದೆ.

ಅವನು ಅರ್ಜಿಯ ಮೇಲೆ ಪೆನ್ನು ಊರಿದ. "ನನ್ನ ತಾಯಿಯನ್ನು ಸೇರಿಸಿಕೊಳ್ಳಿ."

ಎಪ್ಪತ್ತು ದಾಟಿದ ಆಕೆಗೆ ನನ್ನ ಹೆಂಡತಿ ಇಳಕಲ್ ಸೀರೆ ಉಡಿಸಿದಳು. ವೇದಿಕೆ ಹತ್ತುವಾಗ, "ಅಜ್ಜೀ, ಸೆರಗು ಹಿಡ್ಕೋರೀ, ಜಾರ್ತದ!" ಎಂದು ಕನ್ನಡದಲ್ಲೇ ಕೂಗಿದಳು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವಾಲ್ಟ್ಸ್ ಕುಣಿದು, ಕಿರೀಟ ಗೆದ್ದಳು.

ಮರುವರ್ಷ ನಾವು ಅರ್ಜಿ ಹಾಕಬೇಕಾಗಲಿಲ್ಲ. ಆಗಸ್ಟ್‌ನಲ್ಲೇ ಹೌಸ್‌ಮೈಸ್ಟರ್ ಫೋನ್ ಮಾಡಿದ: "ತಾರೀಖು ಬೇಗ ಹೇಳಿ. ಅಮ್ಮ ದಿನಾ ನೆರಿಗೆ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ, ಅಡುಗೆ ನಿಂತುಹೋಗಿದೆ."