ಮೂರು ಮೆಟ್ಟಿಲು ಎಣಿಸಿದ ಅಕ್ಕ, ಬಂಡೆಗೆ ಬಿದ್ದ ಮೀನು

ಹೋದ ಸೋಮವಾರ ಬೆಳಿಗ್ಗೆ ನಮ್ಮ ಗಂಗಕ್ಕ ಹಿತ್ತಲಿನ ಮೆಟ್ಟಿಲಿನಿಂದ ಬಿದ್ದಳು. ಮೂರು ಎಣಿಸಿ ನೆಲ ಬಂತೆಂದು ಕಾಲು ಹಾಕಿದ್ದಳು. ನಮ್ಮೂರು ದೇಶನೂರಿನ ಮನೆಗೆ ಇದ್ದದ್ದು ಮೂರೇ. ಕಂಟೋನ್ಮೆಂಟಿನ ಈ ನನ್ನ ಬಾಡಿಗೆ ಮನೆಗೆ ಐದು.

ಅಕ್ಕನಿಗೆ ಕಣ್ಣಿಲ್ಲ. ಹನ್ನೆರಡನೇ ವಯಸ್ಸಿಗೆ ಸಿಡುಬು ಬಂದು ಹೋದವು. ಆದರೂ ದೇಶನೂರಿನಲ್ಲಿ ಬಾವಿಯಿಂದ ನೀರು ಸೇದುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಒಳಗೆ ನುಗ್ಗಿದ ಬೆಕ್ಕಿಗೆ ಸೌಟಿನಿಂದ ಬಾರಿಸುತ್ತಿದ್ದಳು. (ಗುರಿ ತಪ್ಪಿದ್ದು ನೆನಪಿಲ್ಲ. ನನ್ನ ನೆನಪನ್ನು ಪೂರ್ತಿ ನಂಬಬೇಡಿ.)

ಸುಖವಾಗಿರಲಿ ಎಂದು ನಾನೇ ಕರೆತಂದೆ. ನಲ್ಲಿ ಇದೆ, ಕರೆಂಟ್ ಲೈಟ್ ಇದೆ ಎಂದೆ.

"ಲೈಟು ನನಗ್ಯಾಕಲೇ?" ಎಂದು ನಕ್ಕಳು.

ಬೀಳುವುದಕ್ಕೆ ಹಿಂದಿನ ಗುರುವಾರ ಬಂದವಳೇ ಕೇಳಿದಳು: "ತಮ್ಮಾ, ಒಂದಿನ ಕೈ ಹಿಡಕೊಂಡು ಮನಿ ತುಂಬ ಅಡ್ಡಾಡಿಸು. ಆಮ್ಯಾಲೆ ನಿನ್ನ ತಂಟೆಗೆ ಬರಂಗಿಲ್ಲ."

"ಭಾನುವಾರ ಆಗಲಿ. ಅಲ್ಲೀತನಕ ಏನು ಬೇಕಾದ್ರೂ ನನ್ನ ಕೂಗು" ಎಂದೆ.

ಭಾನುವಾರ ಈ ಅಂಕಣದ ಹಿಂದಿನ ಕಂತು ಬರೆಯುತ್ತ ಕೂತೆ. ಸೋಮವಾರ ಅವಳು ಕೂಗಿದಳಂತೆ. ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂದು ಪೇಪರಿನಲ್ಲಿ ಓದುತ್ತಿದ್ದೆ. ನನಗೆ ಕೇಳಿಸಲಿಲ್ಲ. (ಅಥವಾ ಪೇಪರ್ ಮಡಚಲು ಬೇಸರವಾಯಿತೋ?)

ತಿಳಿಯದವನು ಹೀಗೆ ಮಾಡಿದ್ದರೆ ಬೇರೆ ಮಾತು. ನಾನು ಯುದ್ಧಕ್ಕೆ ಮೊದಲು ಮದ್ರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿದವನು! ಒಮ್ಮೆ ಮೇಷ್ಟ್ರು ಕಡಲ ಬಂಡೆಗಳಿಗೆ ಕರೆದೊಯ್ದಿದ್ದರು. ಸಮುದ್ರ ಇಳಿದಾಗ ಅಲ್ಲಿ ಸಣ್ಣ ಸಣ್ಣ ಹೊಂಡಗಳು ಉಳಿಯುತ್ತವೆ. ಅವುಗಳಲ್ಲಿ ಗೋಬಿ ಎಂಬ ಬೆರಳುದ್ದದ ಮೀನು. ಹೆದರಿಸಿದರೆ ಪಕ್ಕದ ಹೊಂಡಕ್ಕೇ ಸರಿಯಾಗಿ ಹಾರುತ್ತದೆ. ಆ ಹೊಂಡ ಅದಕ್ಕೆ ಕಾಣುವುದೇ ಇಲ್ಲ. ನೀರು ಏರಿದ್ದಾಗ ಬಂಡೆಗಳ ಮೇಲೆಲ್ಲ ಈಜಾಡಿ, ಎಲ್ಲಿ ತಗ್ಗಿದೆ ಎಂದು ಕಲಿತಿರುತ್ತದೆ ಎಂದರು ಮೇಷ್ಟ್ರು.

ನಮ್ಮಲ್ಲೊಬ್ಬ ಒಂದು ಮೀನು ಹಿಡಿದು ದೂರದ ಬೇರೆ ಹೊಂಡಕ್ಕೆ ಬಿಟ್ಟು ಕಡ್ಡಿಯಾಡಿಸಿದ. ಹಾರಿತು. ಒಣ ಬಂಡೆಯ ಮೇಲೆ ಬಿತ್ತು.

ಅಕ್ಕನ ಸೊಂಟ ಮುರಿದಿದೆ. ಇನ್ನು ಓಡಾಟ ಕಷ್ಟ ಎಂದಿದ್ದಾರೆ ಡಾಕ್ಟರು. ನಿನ್ನೆ ಮಂಚದ ಪಕ್ಕ ಕೂತು ಅವಳಿಗೆ ಈ ಕತೆ ಹೇಳಿದೆ.

"ಶಿವನೇ, ಮೀನಿನ ಕತಿ ಹೇಳಾಕ ಮೀನು ಮುಟ್ಟದ ನಮ್ಮ ಮನೀನೇ ಸಿಕ್ತೇನಲೇ?" ಎಂದು ನಕ್ಕಳು. ನಂತರ ಕೇಳಿದಳು:

"ಅದನ್ನ ಬ್ಯಾರೆ ಹೊಂಡಕ್ಕ ಬಿಟ್ಟಾಂವ ಯಾರು?"

"ಯಾರೋ ಕ್ಲಾಸ್‌ಮೇಟು."

ಇವತ್ತು ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ. ನನ್ನದೇ ಅಕ್ಷರ: ಮೀನು ಬಿಟ್ಟವನು ನಾನು.

ಇದನ್ನು ಅಕ್ಕನಿಗೆ ಯಾರು ಓದಿ ಹೇಳಬೇಕು?